ನೀಲಿ ವೈರಿನ ಎರಡು ತುದಿ

ಹಾಲೇಶ್ ಯಗಟಿಯ ಕುರಿ ಸಾಕುವ ಮನೆಯವರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಕಂಪ್ಯೂಟರ್ ಲ್ಯಾಬುಗಳಿಗೆ ವೈರ್ ಎಳೆಯುವುದು, ಕೆಟ್ಟರೆ ಬೈಕಿನಲ್ಲಿ ಓಡಿ ಬರುವುದು ಅವರ ಕೆಲಸ. ನಾನು ಅವರನ್ನು ನೋಡಿದ್ದು ಒಂದೇ ಬೆಳಗ್ಗೆ. ಆದರೂ ಬರೆದಿಡಬೇಕೆನ್ನಿಸಿತು.

ವಿಜಯದಶಮಿಯ ಮಾರನೇ ದಿನ ಕಡೂರಿನ ಕಾಲೇಜೊಂದರಲ್ಲಿ ನನ್ನ ನೇಮಕಾತಿ ಪರೀಕ್ಷೆ. ಮುಂದಿನ ಸಲದ ಹೊತ್ತಿಗೆ ನನಗೆ ವಯಸ್ಸು ಮೀರಿರುತ್ತದೆ. ಆರು ತಿಂಗಳ ಮಗಳನ್ನು ಹೊರಗೆ ಅತ್ತೆಯ ಮಡಿಲಲ್ಲಿ ಬಿಟ್ಟು ಬಂದು ಕೂತಿದ್ದೆ. ಹತ್ತೂವರೆಗೆ ಶುರುವಾಗಬೇಕಿತ್ತು. ನಲವತ್ತು ಪರದೆಗಳಲ್ಲೂ ಬಿಳಿ ಚಕ್ರ ಸುತ್ತುತ್ತಲೇ ಇತ್ತು. ಹನ್ನೊಂದರೊಳಗೆ ಲಾಗಿನ್ ಆಗದಿದ್ದರೆ ಇಲ್ಲಿನ ಪರೀಕ್ಷೆ ರದ್ದು ಎಂದು ಮೇಲ್ವಿಚಾರಕ ಮಲ್ಲಿಕಾರ್ಜುನಪ್ಪ ಹೇಳಿಯಾಗಿತ್ತು.

ನನ್ನ ಕುರ್ಚಿಯ ಪಕ್ಕದಲ್ಲೇ ಎಲ್ಲ ಕಂಪ್ಯೂಟರುಗಳ ವೈರು ಬಂದು ಸೇರುವ ಸ್ವಿಚ್ಚಿನ ಪೆಟ್ಟಿಗೆ. ಆಯುಧಪೂಜೆಯ ಚೆಂಡುಹೂವು ಇನ್ನೂ ಬಾಡಿರಲಿಲ್ಲ. ಹಾಲೇಶ್ ಅದರ ಮುಂದೆ ಮಂಡಿಯೂರಿದರು.

"ಎಲ್ಲಾ ಆಫ್ ಮಾಡಿ ಆನ್ ಮಾಡ್ರೀ," ಎಂದರು ಮಲ್ಲಿಕಾರ್ಜುನಪ್ಪ.

"ಬ್ಯಾಡ ಸಾರ್. ಸರ್ವರ್ ಎದ್ದು ಬರಕ್ಕೇ ಇಪ್ಪತ್ತು ನಿಮಿಷ ಬೇಕು."

ಗಡಿಯಾರದಲ್ಲಿ ಹತ್ತು ನಲವತ್ತೈದು. ಹೊರಗೆ ಮಗು ಅಳುವುದು ಕೇಳಿಸಿತು. ಎದೆಹಾಲು ಇಳಿದು ರವಿಕೆ ಒದ್ದೆಯಾಯಿತು.

"ಅಣ್ಣಾ, ಆಗುತ್ತಾ?" ಎಂದೆ.

"ನೋಡಕ್ಕ, ದೀಪ ಎಲ್ಲಾ ಒಂದೇ ಸಮ ಹೊಡ್ಕೊತಾ ಅವೆ. ಒಳಗೆ ಓಡಾಡೋ ಸಂದೇಶಕ್ಕೆ ಫ್ರೇಮ್ ಅಂತೀವಿ. 'ಎಲ್ರಿಗೂ' ಅಂತ ಬಂದಿದ್ದನ್ನ ಸ್ವಿಚ್ಚು ಎಲ್ಲಾ ತೂತಿಗೂ ಕಳಿಸ್ತದೆ. ವೈರು ಸುತ್ತಿ ವಾಪಸ್ ಅದಕ್ಕೇ ಬಂದಿದ್ರೆ, ಮತ್ತೆ ಕಳಿಸ್ತದೆ, ಮತ್ತೆ ಬತ್ತದೆ. ಗೇಟ್‌ವೇ ಅನ್ನೋ ಬಾಗ್ಲು ದಾಟಿ ಲ್ಯಾಬಿಂದಾಚೆ ಹೋಗೋ ಸಂದೇಶದ ಪ್ಯಾಕೆಟ್ಟಿಗೆ ಆಯಸ್ಸು ಅಂತ ಒಂದಿರ್ತದೆ. ದಾಟಿದಂಗೆಲ್ಲಾ ಒಂದೊಂದು ಕಮ್ಮಿ. ಈ ಫ್ರೇಮಿಗೆ ಸಾವೇ ಇಲ್ಲ. ಆ ನೂಕುನುಗ್ಗಲಲ್ಲಿ ನಿಮ್ಮ ಲಾಗಿನ್ನು ಸಿಕ್ಕಾಕ್ಕೊಂಡದೆ."

ವೈರುಗಳು ಐವತ್ತರ ಮೇಲಿದ್ದವು, ಎಲ್ಲ ನೀಲಿ. ಒಂದೊಂದೇ ಕಿತ್ತು ದೀಪ ನೋಡತೊಡಗಿದರು. ಹತ್ತು ಐವತ್ತು. ಪೂಜೆಯ ಹೂವು ಕಣ್ಣಿಗೆ ಬಿದ್ದು ಇದ್ದಕ್ಕಿದ್ದಂತೆ ನಿಲ್ಲಿಸಿ, ಬಾಗಿಲ ಬಳಿ ನಿಂತಿದ್ದ ಕಸ ಗುಡಿಸುವ ಹುಚ್ಚಮ್ಮನನ್ನು ಕರೆದರು.

"ಅಕ್ಕೋ, ಪೂಜೆ ದಿನ ಇಲ್ಲೇನಾದ್ರೂ ಸಿಕ್ಕಿಸಿದ್ಯಾ?"

"ಒಂದು ವೈರು ಜೋತಾಡ್ತಿತ್ತು ಕಣಪ್ಪ. ಪೂಜೆ ಹೊತ್ನಲ್ಲಿ ಹಂಗೆ ಬಿಡಬಾರ್ದು ಅಂತ ಖಾಲಿ ತೂತಿಗೆ ಸೇರ್ಸಿದೆ."

"ಯಾವ ತೂತು?"

"ಕುಂಕುಮ ಇಟ್ಟಿದೀನಲ್ಲ, ಅದು."

"ಎಲ್ಲಕ್ಕೂ ಇಟ್ಟಿದೀಯಲ್ಲೇ ತಾಯಿ!"

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಹುಚ್ಚಮ್ಮ ಬಾಗಿಲ ಕಡೆ ಹಿಂದೆ ಸರಿದಳು.

"ಹೆದರ್ಬ್ಯಾಡ. ಅವತ್ತು ಎಲ್ಲಿ ನಿಂತಿದ್ದೆ? ಅಲ್ಲೇ ನಿಂತ್ಕೋ. ಯಾವ ಕೈಲಿ ಹಾಕ್ದೆ?"

ಅವಳು ಪೆಟ್ಟಿಗೆಯ ಎಡಕ್ಕೆ ನಿಂತು, ಕಣ್ಣು ಮುಚ್ಚಿ, ಎಡಗೈ ಚಾಚಿದಳು. ಬೆರಳು ಕೆಳಗಿನ ಸಾಲಿನ ಮೂಲೆಗೆ ತಾಗಿತು. ಹಾಲೇಶ್ ಅಲ್ಲಿದ್ದ ವೈರನ್ನು ಕಿತ್ತರು. ದೀಪಗಳ ಬಡಿತ ತಟ್ಟನೆ ನಿಂತು, ಅಲ್ಲೊಂದು ಇಲ್ಲೊಂದು ಮಿಣುಕತೊಡಗಿತು. ವೈರಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು.

"ಯಾರ್ರೀ ಇದನ್ನ ಮಾಡಿದ್ದು?" ಮಲ್ಲಿಕಾರ್ಜುನಪ್ಪ ಹೊರಗೆ ಫೋನಿನಲ್ಲಿದ್ದವರು ಆಗಷ್ಟೇ ಒಳಗೆ ಬಂದರು.

"ಒಂದು ತುದಿ ಜೋತಾಡಕ್ಕೆ ಬಿಟ್ಟೋನು ನಾನೇ ಸಾರ್. ನನ್ನ ಹೆಸರು ಬರ್ಕೊಳ್ಳಿ," ಎಂದರು ಹಾಲೇಶ್.

ಹತ್ತು ಐವತ್ತೇಳಕ್ಕೆ ನನ್ನ ಪರದೆಯ ಮೇಲೆ ಅಕ್ಷತಾ ಎಂದು ನನ್ನ ಹೆಸರು ಮೂಡಿತು. ಮಗುವಿನ ಅಳು ಇನ್ನೂ ಕೇಳುತ್ತಿತ್ತು. ಮೊದಲ ಪ್ರಶ್ನೆ ಓದಿದೆ.