ಇಳಿಜಾರಿನಲ್ಲಿ ಕೀ ಆಫ್

2008ರ ಸುಮಾರಿಗೆ ನಾನು ಮೈಸೂರಿನ ಒಂದು ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. ನನ್ನ ಪಾಲಿಗೆ ಬಂದದ್ದು ಚಾಮರಾಜನಗರ ಜಿಲ್ಲೆ. ಆಗ ನಿಧಾನಕ್ಕೆ ಓಡುವ ಈ ಗಾಡಿಗಳಿಗೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಪೆಟ್ರೋಲ್ ಬಂಕಿನ ಕಡೆ ತಲೆ ಹಾಕುವುದೂ ಬೇಡ. ಮಾರುವುದು ಸುಲಭವಾಗಿತ್ತು. ಮಾರಿದ ಮೇಲೆ ನಿಭಾಯಿಸುವುದಿತ್ತಲ್ಲ, ಅದು ನನ್ನ ಹಣೆಬರಹ.

ಬ್ಯಾಟರಿ, ಮೋಟಾರ್ ಬಿಟ್ಟರೆ ಗಾಡಿಯಲ್ಲಿ ದುಬಾರಿ ವಸ್ತು ಕಂಟ್ರೋಲರ್. ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಹದವಾಗಿ ಬಡಿಸುವ ಅಲ್ಯುಮಿನಿಯಂ ಪೆಟ್ಟಿಗೆ ಅದು. ಒಳಗೆ ಮಾಸ್‌ಫೆಟ್ ಎನ್ನುವ ಕಪ್ಪು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸಾಲಾಗಿ ಕೂತಿರುತ್ತವೆ. ಎಲ್ಲವೂ ಹೊರದೇಶದ ಮಾಲು. ಇದರ ಖರ್ಚು ಇಳಿಸಿ, ಇಳಿಸಿ ಎಂದು ಆಫೀಸಿನಲ್ಲಿ ದಿನಾ ಅದೇ ಜಪ. ಅಷ್ಟರಲ್ಲಿ ಆ ಪೆಟ್ಟಿಗೆಗಳು ಸುಡಲು ಶುರುವಾದವು.

ನನ್ನ ನಿದ್ದೆಗೆಡಿಸಿದ್ದು ಸುಟ್ಟದ್ದಲ್ಲ, ಸುಟ್ಟ ಜಾಗ. ಚಾಮರಾಜನಗರದ ಊರೊಳಗೆ ಓಡುವ ಗಾಡಿ ಒಂದೂ ಸುಟ್ಟಿರಲಿಲ್ಲ. ಸುಟ್ಟವೆಲ್ಲ ತೆರಕಣಾಂಬಿ, ಗುಂಡ್ಲುಪೇಟೆ ಕಡೆಯವು. ಅದೇ ಗಾಡಿ, ಅದೇ ಬ್ಯಾಟರಿ, ಅದೇ ಕಂಟ್ರೋಲರ್. ಆ ಕಡೆ ರಸ್ತೆ ಏರಿಳಿತ, ಏರಿನಲ್ಲಿ ಬಿಸಿಯಾಗಿ ಸುಡುತ್ತಿರಬೇಕು ಎಂದುಕೊಂಡೆ. ಬಿಚ್ಚಿ ನೋಡಿದರೆ ಬಿಸಿಗೆ ಬೆಂದ ಗುರುತೇ ಇಲ್ಲ. ಹೆಚ್ಚು ವೋಲ್ಟೇಜ್ ಒಮ್ಮೆಲೇ ನುಗ್ಗಿ ಸಿಡಿದ ಹಾಗಿತ್ತು. ನಲವತ್ತೆಂಟು ವೋಲ್ಟಿನ ಬ್ಯಾಟರಿ ಇರುವ ಗಾಡಿಗೆ ಹೆಚ್ಚು ವೋಲ್ಟೇಜ್ ಬರುವುದಾದರೂ ಎಲ್ಲಿಂದ?

ನಮ್ಮ ಮುಖ್ಯ ಎಂಜಿನಿಯರಿಗೆ ಇಷ್ಟು ಕುತೂಹಲ ಇರಲಿಲ್ಲ. "ಜಾಸ್ತಿ ವೋಲ್ಟೇಜ್ ತಡೆಯೋ ಮಾಸ್‌ಫೆಟ್ ಹಾಕಿದರೆ ಕಂಟ್ರೋಲರ್ ಬೆಲೆ ಏರುತ್ತೆ. ಆ ಬೆಲೆಗೆ ಗಾಡಿ ಯಾರೂ ಕೊಳ್ಳಲ್ಲ. ಆ ಕಡೆ ಮಾರಿರೋದನ್ನೆಲ್ಲ ವಾಪಸ್ ತಗೊಂಡು ದುಡ್ಡು ಕೊಟ್ಟುಬಿಡಿ," ಎಂದರು.

ಈ ಸುದ್ದಿ ಹೊತ್ತು ಮೊದಲು ಹೋದದ್ದು ತೆರಕಣಾಂಬಿಯ ಶಿವಮ್ಮನವರ ಮನೆಗೆ. ಊರೂರು ಸುತ್ತಿ ಸೀರೆ ಮಾರುವ ಹೆಂಗಸು. ವರ್ಷಾನುಗಟ್ಟಲೆ ಗಂಟು ತಲೆ ಮೇಲೆ ಹೊತ್ತು, ಕತ್ತು ಹಿಡಿದುಕೊಂಡು, ಇನ್ನು ಭಾರ ಹೊರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಗಾಡಿ ಕೊಂಡಿದ್ದರು. ಅವರದು ಎರಡು ಸಲ ಸುಟ್ಟಿತ್ತು. ಎರಡು ಸಲವೂ ನಾನೇ ಹೊಸ ಕಂಟ್ರೋಲರ್ ಹಾಕಿ ಬಂದಿದ್ದೆ.

"ದುಡ್ ತಕ್ಕಂಡ್ ಏನ್ ಮಾಡ್ಲಿ ಸಾ? ಗಂಟ ಒರಕ್ಕೆ ದುಡ್ಡು ಬತ್ತದಾ?" ಎಂದರು ಶಿವಮ್ಮ. "ಗಾಡಿ ಓದ್ರೆ ನನ್ ಯಾಪಾರವೂ ಓಯ್ತು ಅಂತ್ಲೇ ತಿಳ್ಕಳಿ."

ಸುಮ್ಮನಿರಲಾರದೆ, ಗಾಡಿ ಹೇಗೆ ಓಡಿಸ್ತೀರಿ ಎಂದು ಕೇಳಿದೆ.

"ಎಂಗ್ ಓಡುಸ್ತಾರೆ? ಎಲ್ರೂ ಓಡ್ಸಂಗೇ."

ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಕೇಳಿ ಪ್ರಯೋಜನವಿಲ್ಲ, ಕಣ್ಣಾರೆ ನೋಡಬೇಕು ಎನ್ನಿಸಿತು. "ನಾಳೆ ನಿಮ್ಮ ಹಿಂದೆ ಕೂತು ನಾನೂ ಬರ್ತೀನಿ," ಎಂದೆ.

ಮಾರನೇ ದಿನ ಬೆಳಿಗ್ಗೆ ಸೀರೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಶಿವಮ್ಮನವರ ಹಿಂದೆ ಕೂತೆ. ಟೀ ಅಂಗಡಿ ಮುಂದೆ ಒಬ್ಬ ಕೂಗಿದ: "ಏನಕ್ಕಾ, ಇವತ್ತು ಸೀರೆ ಜೊತ್ಗೆ ಇಂಜಿನೀರ್ನೂ ಮಾರಕ್ ಒಂಟ್ಯಾ?"

"ಕೊಂಡ್ಕತೀಯೇನ್ಲಾ? ಗ್ಯಾರಂಟಿ ಮಾತ್ರ ಇಲ್ಲ ಕಣ್ಲಾ!" ಎಂದು ಶಿವಮ್ಮ ಗಾಡಿ ನಿಲ್ಲಿಸದೆಯೇ ಉತ್ತರ ಕೊಟ್ಟರು. ಅಂಗಡಿಗೆ ಅಂಗಡಿಯೇ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಏರು ಬಂತು. ಇಬ್ಬರನ್ನು ಹೊತ್ತು ಹತ್ತುವ ತಾಕತ್ತು ಗಾಡಿಗಿಲ್ಲ. ನಾನು ಇಳಿದು ಏದುಸಿರು ಬಿಡುತ್ತಾ ನಡೆದೆ. ನೆತ್ತಿ ತಲುಪಿ ಮತ್ತೆ ಹತ್ತಿ ಕೂತೆ. ಗಾಡಿ ಇಳಿಜಾರಿಗೆ ಮೂತಿ ತಿರುಗಿಸಿದ್ದೇ ತಡ, ಶಿವಮ್ಮನವರ ಕೈ ಕೆಳಗಿಳಿಯಿತು. ಟಿಕ್! ಕೀ ಆಫ್.

"ಯಾಕಮ್ಮ ಆಫ್ ಮಾಡಿದ್ರಿ?"

"ಇಳಿಜಾರಲ್ವಾ ಸಾ? ನಮ್ಮಣ್ಣ ಮೊಪೆಡ್ನೂ ಇಂಗೇ ಮಾಡದು. ಅದ್ರಲ್ಲಿ ಪೆಟ್ರೋಲ್ ಉಳೀತದೆ, ಇದ್ರಲ್ಲಿ ಕರೆಂಟು."

ನಾನು ಬಾಯಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಶಿವಮ್ಮ ಬ್ರೇಕ್ ಹಿಡಿದರು. ಸೀಟಿನಡಿ 'ಠಪ್' ಎಂದಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಸಿಕ್ತು! ಸಿಕ್ತು!" ಎಂದು ನಾನು ಕೆಳಗೆ ಹಾರಿ ಕುಣಿದೇಬಿಟ್ಟೆ.

"ನನ್ ಗಾಡಿ ಸುಟ್ಟೋಗದೆ, ನೀವು ಕುಣೀತಾ ಇದ್ದೀರಲ್ಲ! ಒಟ್ಟೆಗೆ ಅನ್ನ ತಿಂತೀರಾ ಇನ್ನೇನ್ ತಿಂತೀರಾ?" ಶಿವಮ್ಮನವರ ಕಣ್ಣಲ್ಲಿ ನೀರಿತ್ತು. ನನ್ನ ಕುಣಿತ ಅಲ್ಲಿಗೇ ನಿಂತಿತು. ಗುಂಡ್ಲುಪೇಟೆವರೆಗೆ ಗಾಡಿ ತಳ್ಳುತ್ತಾ ಅವರಿಗೆ ವಿಷಯ ಬಿಡಿಸಿ ಹೇಳಿದೆ.

ಬ್ರೇಕ್ ಹಿಡಿದಾಗ ನಮ್ಮ ಮೋಟಾರ್ ಜನರೇಟರ್ ಆಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಬ್ಯಾಟರಿ ಅದನ್ನು ಕುಡಿಯುತ್ತದೆ. ಆದರೆ ನಾವು ಸುರಕ್ಷತೆಗೆಂದು ಕೀ ಜೊತೆ ಒಂದು ದೊಡ್ಡ ರಿಲೇ ಇಟ್ಟಿದ್ದೆವು. ಕೀ ಆಫ್ ಮಾಡಿದರೆ ಅದು ಬ್ಯಾಟರಿಯನ್ನೇ ಕಂಟ್ರೋಲರಿನಿಂದ ಬೇರ್ಪಡಿಸುತ್ತಿತ್ತು. ಗಾಲಿ ತಿರುಗುತ್ತಿರುವುದರಿಂದ ಕಂಟ್ರೋಲರಿಗೆ ಜೀವ ಇದ್ದೇ ಇರುತ್ತದೆ, ಕರೆಂಟ್ ಹೋಗಲು ಮಾತ್ರ ಜಾಗವಿಲ್ಲ. ಓಡುವ ಪಂಪಿನ ಪೈಪಿಗೆ ಬೆಣೆ ಹೊಡೆದರೆ ಏನಾಗುತ್ತದೋ ಅದೇ ಆಗುತ್ತಿತ್ತು: ವೋಲ್ಟೇಜ್ ಒಮ್ಮೆಲೇ ಏರಿ ಮಾಸ್‌ಫೆಟ್ ಸಿಡಿಯುತ್ತಿತ್ತು. ಚಾಮರಾಜನಗರದ ಊರೊಳಗೆ ಇಳಿಜಾರಿಲ್ಲ, ಅಲ್ಲಿ ಓಡುವಾಗ ಕೀ ಆಫ್ ಮಾಡುವ ಪ್ರಮೇಯವೇ ಬಂದಿರಲಿಲ್ಲ.

"ಅಂಗಾರೆ ಕೀ ಆನ್ ಇದ್ರೆ ಇಳಿಜಾರು ನಮ್ಗೇ ಕೂಲಿ ಕೊಡ್ತದೆ ಅನ್ನಿ!" ಎಂದರು ಶಿವಮ್ಮ, ಮೂಗಿನ ಮೇಲೆ ಬೆರಳಿಟ್ಟು.

ಫೋನಿನಲ್ಲಿ ಮುಖ್ಯ ಎಂಜಿನಿಯರ್, "ಓಡುವಾಗ ಕೀ ಆಫ್ ಮಾಡಬೇಡಿ ಅಂತ ಅಚ್ಚು ಹಾಕಿಸಿ ಅಂಟಿಸಿ, ಮುಗೀತು," ಎಂದರು. ನನಗೆ ರೇಗಿತು. ಹುಟ್ಟಿದಾಗಿನಿಂದ ಕೈಗೆ ಅಂಟಿದ ಉಳಿತಾಯವನ್ನು ಸ್ಟಿಕ್ಕರ್ ಬಿಡಿಸುತ್ತದೆಯೇ?

"ಆ ರಿಲೇನೇ ಕಿತ್ತುಹಾಕೋಣ ಸಾರ್. ಬ್ಯಾಟರಿ ಯಾವಾಗಲೂ ಕಂಟ್ರೋಲರಿಗೆ ಸೇರಿಕೊಂಡೇ ಇರಲಿ, ಕೀ ಒಳಗಿನ ಸಣ್ಣ ಸರ್ಕ್ಯೂಟನ್ನು ಮಾತ್ರ ಆಫ್ ಮಾಡಲಿ. ಆಪತ್ತಿಗೆ ಬ್ಯಾಟರಿ ಕಡಿಯೋಕೆ ಸೀಟಿನಡಿ ಎಂಸಿಬಿ ಸ್ವಿಚ್ ಹೇಗೂ ಇದೆ. ದುಬಾರಿ ಮಾಸ್‌ಫೆಟ್ ಬೇಡ, ದುಬಾರಿ ರಿಲೇನೂ ಬೇಡ. ಖರ್ಚು ಏರಲ್ಲ, ಇಳಿಯುತ್ತೆ."

ಅವರು ಖರ್ಚಿನ ಲೆಕ್ಕ ಕೇಳಿಕೊಂಡರು. "ಒಂದು ಗಾಡಿಗೆ ಮಾಡಿ ತೋರಿಸಿ. ಅದೂ ಸುಟ್ಟರೆ ಎಲ್ಲವನ್ನೂ ತುಂಬಿಕೊಂಡು ಬರೋಕೆ ಲಾರಿ ಕಳಿಸ್ತೀನಿ."

ಶಿವಮ್ಮನವರ ಗಾಡಿಗೇ ಹೊಸ ಕಂಟ್ರೋಲರ್ ಹಾಕಿ, ರಿಲೇ ಕಿತ್ತು ವೈರಿಂಗ್ ಬದಲಾಯಿಸಿದೆ. ಅದೇ ಇಳಿಜಾರಿನ ಬುಡದಲ್ಲಿ ನಿಂತು, ನೀವು ಯಾವಾಗಲೂ ಮಾಡುವ ಹಾಗೇ ಮಾಡಿ ಎಂದೆ. ಅವರು ನೆತ್ತಿಯಲ್ಲಿ ಕೀ ಆಫ್ ಮಾಡಿ, ಪೂರ್ತಿ ಗಂಟಿನೊಂದಿಗೆ ಇಳಿದು, ತಿರುವಿನಲ್ಲಿ ಬ್ರೇಕ್ ಹಿಡಿದರು. ಗಾಡಿ ಸದ್ದಿಲ್ಲದೆ ನನ್ನ ಮುಂದೆ ಬಂದು ನಿಂತಿತು. ಕೀ ಆನ್ ಮಾಡಿದರೆ ದೀಪ ಹತ್ತಿತು. ಹತ್ತಾರು ಸಲ ಇಳಿಸಿದೆವು, ಏನೂ ಆಗಲಿಲ್ಲ. ಲಾರಿ ಬರಲಿಲ್ಲ. ಮುಂದೆ ಕಂಪನಿಯ ಎಲ್ಲ ಗಾಡಿಗಳಿಗೂ ಅದೇ ವೈರಿಂಗ್ ಬಂತು.

ಆಮೇಲೆ ಖರ್ಚು ಇಳಿಸುವ ಎಷ್ಟೋ ಮೀಟಿಂಗುಗಳಲ್ಲಿ ಕೂತಿದ್ದೇನೆ. ಬಿಡಿಭಾಗದ ಬೆಲೆಗೆ ಚೌಕಾಸಿ ಮಾಡುವ ಮೊದಲು ಗಾಡಿ ಓಡಿಸುವವರ ಹಿಂದೆ ಒಮ್ಮೆ ಕೂತು ಬನ್ನಿ ಎಂದು ಹೊಸದಾಗಿ ಸೇರುವ ಹುಡುಗರಿಗೆ ಹೇಳುತ್ತೇನೆ. ಆ ಕೈಗೆ ಒಗ್ಗುವಂತೆ ಯಂತ್ರ ಮಾಡಬೇಕೇ ಹೊರತು, ಯಂತ್ರಕ್ಕೆ ಒಗ್ಗುವಂತೆ ಕೈಯನ್ನು ತಿದ್ದಲು ಹೊರಟರೆ ಕೆಟ್ಟೆವು.

ಕೆಲವು ತಿಂಗಳ ನಂತರ ಅದೇ ದಾರಿಯಲ್ಲಿ ಶಿವಮ್ಮ ಸಿಕ್ಕರು. ನೆತ್ತಿಯಲ್ಲಿ ನನ್ನ ಕಣ್ಣೆದುರೇ ಟಿಕ್ ಎಂದು ಆಫ್ ಮಾಡಿದರು.

"ಕೀ ಆನ್ ಇದ್ದರೆ ಕರೆಂಟ್ ವಾಪಸ್ ಬರುತ್ತೆ ಅಂತ ಹೇಳಿದ್ದೆನಲ್ಲಮ್ಮ!"

"ಬರೋದು ಬಂದಾಗ ಬರ್ಲಿ ಸಾ," ಎಂದರು ಶಿವಮ್ಮ, ಇಳಿಯುತ್ತಲೇ. "ಓಗೋದ್ನ ಮೊದ್ಲು ತಡೀಬೇಕಲ್ವಾ?"