ಲೊನ್ನಿ ಪ್ರೂಯಿಟ್‌ನ ಬೆಣ್ಣೆ ಹಾವುಗಳು

ಲೊನ್ನಿ ಪ್ರೂಯಿಟ್ ಫ್ಲಾರಿಡಾದ ಪೋಕ್ ಕೌಂಟಿಯಲ್ಲಿ ಏಸಿ ರಿಪೇರಿ ಮಾಡಿಕೊಂಡಿರುವವನು. ಹಾವಿನ ಹುಚ್ಚು ಅವನಿಗೆ ಹತ್ತಿದ್ದು ಆ ರಿಪೇರಿಯಿಂದಲೇ. ಎಷ್ಟೋ ವರ್ಷಗಳ ಹಿಂದೆ ಮಿಸ್ ಓಪಲ್ ಎಂಬುವರ ಮನೆಯಿಂದ ಕರೆ ಬಂದಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ವಿಧವೆ. ಇಡೀ ಮನೆ ತಣ್ಣಗಿರಬೇಕು, ಹಿಂದಿನ ಕೋಣೆ ಮಾತ್ರ ಬೆಚ್ಚಗೇ ಇರಬೇಕು ಎಂದರು. ಇದೆಂಥ ಬೇಡಿಕೆ ಎಂದುಕೊಂಡು ಲೊನ್ನಿ ಆ ಕೋಣೆಯ ಬಾಗಿಲು ತೆರೆದ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡ್ರಾಯರುಗಳು. ಒಂದೊಂದರಲ್ಲೂ ಒಂದೊಂದು ಹೆಬ್ಬಾವು, ಮುಟ್ಟಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಸಣ್ಣ ಜಾತಿಯದು.

"ಹೆದರ್ಕೊಂಡ್ಯಾ?" ಎಂದರು ಮಿಸ್ ಓಪಲ್.

"ಇಲ್ಲ ಮ್ಯಾಮ್."

"ಬಾಯಿ ಇಲ್ಲ ಅಂತಿದೆ, ಕಾಲು ಆಗ್ಲೇ ವರಾಂಡಕ್ಕೆ ಹೋಗಿದೆ."

ಆ ದಿನ ಅವರು ರಿಪೇರಿಯ ದುಡ್ಡಿನ ಜೊತೆಗೆ ಒಂದು ಹೆಣ್ಣು ಮರಿಯನ್ನೂ ಕೊಟ್ಟು ಕಳಿಸಿದರು. ಬಿಸಿ ಎಷ್ಟಿರಬೇಕು, ಇಲಿಯನ್ನು ಹೇಗೆ ಕೊಡಬೇಕು, ತಿಂಗಳುಗಟ್ಟಲೆ ಉಪವಾಸ ಕೂತರೂ ಗಾಬರಿಯಾಗದೆ ಹೇಗೆ ಕಾಯಬೇಕು, ಎಲ್ಲವನ್ನೂ ಕಲಿಸಿದರು. ಕೆಲವೇ ವರ್ಷಗಳಲ್ಲಿ ಲೊನ್ನಿಯ ಗ್ಯಾರೇಜಿನಲ್ಲೂ ಡ್ರಾಯರುಗಳು ತುಂಬಿದವು. ಕಾರು ಅಂಗಳದಲ್ಲಿ ಮಳೆ ಬಿಸಿಲಿಗೆ ನಿಂತಿತು. "ನೀನು ಮದ್ವೆ ಆಗಿದ್ದು ನನ್ನನ್ನೋ ಆ ಮುದುಕಿಯ ಹಾವನ್ನೋ?" ಎಂದು ಹೆಂಡತಿ ಡಾರ್ಲಾ ಕೇಳುತ್ತಿದ್ದಳು.

ಅವಳ ಬಾಯಿ ಮುಚ್ಚಿಸಿದ್ದು ಬೆಣ್ಣೆ ಹಾವು. ಕಂದು ಕಪ್ಪು ಮಚ್ಚೆಗಳ ಸಾಧಾರಣ ಮರಿ ಯಾರಿಗೂ ಬೇಡ. ಬೆಣ್ಣೆಯ ಹಳದಿ ಬಣ್ಣದ ಮರಿಗೆ ಜನ ಮುಗಿಬೀಳುತ್ತಿದ್ದ ಕಾಲ ಅದು. ಲೊನ್ನಿ ಕೂಡಿಟ್ಟಿದ್ದನ್ನೆಲ್ಲ ಸುರಿದು ಅಂಥದೊಂದು ಗಂಡನ್ನು ತಂದ. ಅದಕ್ಕೆ ಹುಟ್ಟಿದ ಮರಿಗಳಲ್ಲಿ ಅರ್ಧ ಅಪ್ಪನ ಬಣ್ಣ ಹೊತ್ತು ಬಂದವು. ಅವುಗಳಲ್ಲಿ ಒಂದು ಗಂಡನ್ನು ಮೂರು ವರ್ಷದ ಹಿಂದೆ ಎರಡು ಸಾವಿರ ಡಾಲರಿಗೆ ಮಿಸ್ ಓಪಲ್ ಅವರೇ ಕೊಂಡರು. ಲೊನ್ನಿ ಕಡಿಮೆ ಮಾಡಲು ಹೋದರೆ ಅವರು ಒಪ್ಪಲಿಲ್ಲ. "ನಿನ್ ಮಾಲಿನ ಬೆಲೆ ನೀನೇ ಇಳಿಸಿದ್ರೆ ಮಿಕ್ಕೋರು ಉಳಿಸ್ತಾರೇನೋ?" ಎಂದರು.

ಹಾವು ಸಾಕುವವರಲ್ಲಿ ಎರಡು ಕಟ್ಟಳೆಗಳಿವೆ. ಬರೆದಿಟ್ಟವಲ್ಲ, ಆದರೆ ಎಲ್ಲರೂ ಪಾಲಿಸುವಂಥವು. ಮೊದಲನೆಯದು, ಶನಿವಾರ ಭಾನುವಾರ ನಡೆಯುವ ಹಾವು ಮಾರಾಟದ ಮೇಳದಲ್ಲಿ ಭಾನುವಾರ ಮಧ್ಯಾಹ್ನದ ತನಕ ಯಾರೂ ಬೆಲೆಚೀಟಿ ಬದಲಿಸಬಾರದು. ಎರಡನೆಯದು, ಒಬ್ಬರಿಗೆ ಗಂಡು ಮಾರಿದ ಮೇಲೆ ಅವರ ಮೊದಲ ಮರಿಗಳು ಮಾರಾಟವಾಗುವವರೆಗೂ ಅವರಿಗಿಂತ ಅಗ್ಗಕ್ಕೆ ಮಾರಬಾರದು. ಇನ್ನೊಂದು ಅಭ್ಯಾಸವನ್ನು ಕಟ್ಟಳೆ ಎನ್ನಲಾಗದು, ಆದರೂ ಎಲ್ಲರಲ್ಲೂ ಉಂಟು: ತನ್ನಲ್ಲಿ ಎಷ್ಟು ಮೊಟ್ಟೆ ಒಡೆದವು ಎಂಬುದನ್ನು ಯಾರೂ ಯಾರಿಗೂ ನಿಜ ಹೇಳುವುದಿಲ್ಲ. ಹೆಚ್ಚು ಮರಿ ಇವೆ ಎಂದು ತಿಳಿದರೆ ಕೊಳ್ಳುವವರು ಕಾದು ಕೂರುತ್ತಾರೆ.

ಈ ವರ್ಷ ಮಿಸ್ ಓಪಲ್ ಅವರಲ್ಲಿ ಆ ಗಂಡಿನಿಂದ ಮೊದಲ ಬಾರಿಗೆ ನಾಲ್ಕು ಬೆಣ್ಣೆ ಮರಿಗಳು ಹುಟ್ಟಿದವು. ಲೊನ್ನಿಯ ಗ್ಯಾರೇಜಿನಲ್ಲಿ ಹತ್ತೊಂಬತ್ತು. ಅವರು ಫೋನು ಮಾಡಿ ಕೇಳಿದಾಗ ಲೊನ್ನಿ, "ಏಳು ಮ್ಯಾಮ್" ಎಂದ. ಬೇಕೆಂದು ಹೇಳಿದ್ದಲ್ಲ. ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತ್ತು.

"ಕೇಳು ಲೊನ್ನಿ, ಟ್ಯಾಂಪಾದವನೊಬ್ಬ ನಾಲ್ಕನ್ನೂ ಈಗ್ಲೇ ಕೊಡಿ, ಒಂದೊಂದಕ್ಕೆ ಏಳುನೂರು ಕೊಡ್ತೀನಿ ಅಂತಿದಾನೆ. ಕೊಟ್ಬಿಡ್ಲಾ, ಮೇಳಕ್ಕೆ ಇಟ್ಕೊಳ್ಲಾ? ಈ ನಾಲ್ಕನ್ನ ಮಾರಿ ಹಲ್ಲು ಕಟ್ಟಿಸ್ಕೋಬೇಕು ಅಂತಿದೀನಿ. ಈಸ್ಟರ್‌ನಿಂದ ಗಂಜಿ ಕುಡಿದು ಕುಡಿದು ಮಗು ಆಗ್ಬಿಟ್ಟಿದೀನಿ."

ಈಗಲೇ ಕೊಟ್ಟುಬಿಡಿ ಎನ್ನಬೇಕಿತ್ತು. ಹಾಗೆಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಹತ್ತೊಂಬತ್ತರ ವಿಷಯ ಹೇಳಬೇಕಾಗುತ್ತದೆ. "ಮೇಳಕ್ಕೇ ಇಡಿ ಮ್ಯಾಮ್, ಅಲ್ಲಿ ಇನ್ನೂ ನೂರು ಜಾಸ್ತಿ ಬರತ್ತೆ" ಎಂದ ಲೊನ್ನಿ. ಫೋನು ಇಟ್ಟ ಮೇಲೆ ಗ್ಯಾರೇಜಿನಲ್ಲಿ ಸುಮ್ಮನೆ ಡ್ರಾಯರುಗಳನ್ನು ಎಳೆಯುತ್ತ ಮುಚ್ಚುತ್ತ ನಿಂತಿದ್ದ. ಮತ್ತೆ ಫೋನು ಮಾಡೋಣವೆಂದು ಅವತ್ತೂ ಅಂದುಕೊಂಡ, ಮರುದಿನವೂ ಅಂದುಕೊಂಡ. ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಮೇಳದ ಬಾಗಿಲು ತೆರೆಯಿತು. ಲೊನ್ನಿ ಮೂರೇ ಮರಿಗಳನ್ನು ಮೇಜಿನ ಮೇಲಿಟ್ಟು, ಮಿಕ್ಕವನ್ನು ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಬಟ್ಟೆ ಮುಚ್ಚಿದ್ದ. ಪಕ್ಕದ ಮೇಜು ಮಿಸ್ ಓಪಲ್ ಅವರದು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿ ನಾಲ್ಕು ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಇಬ್ಬರ ಚೀಟಿಯಲ್ಲೂ ಎಂಟುನೂರು ಎಂದೇ ಇತ್ತು.

ಲೊನ್ನಿ ಕಾಫಿ ತರಲೆಂದು ಹೊರಟವನು ಸಾಲುಗಳ ನಡುವೆ ನಿಧಾನವಾದ. ಮೊದಲ ಮೇಜಿನಲ್ಲಿ ಆರು ಬೆಣ್ಣೆ ಮರಿ. ಅದರಾಚೆ ಹತ್ತು. ತಿರುವಿನಲ್ಲಿ ಒಬ್ಬ ಮರಿಗಳ ಡಬ್ಬಿಗಳನ್ನು ಮೊಟ್ಟೆಯ ಟ್ರೇಗಳ ಹಾಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದ. ಮೂರು ವರ್ಷದ ಹಿಂದೆ ಗಂಡು ಕೊಂಡವರೆಲ್ಲರಿಗೂ ಈ ವರ್ಷವೇ ಮರಿಯಾಗಿತ್ತು. ಎಲ್ಲರೂ ಲೊನ್ನಿಯ ಹಾಗೆಯೇ ಬಾಯಿ ಮುಚ್ಚಿಕೊಂಡು, ತನ್ನಲ್ಲಿ ಮಾತ್ರ ಇಷ್ಟಿವೆ ಎಂದುಕೊಂಡು ಬಂದಿದ್ದರು. ಈಗ ಒಬ್ಬರ ಮೇಜನ್ನು ಇನ್ನೊಬ್ಬರು ನೋಡಿ ಪೆಚ್ಚುನಗೆ ನಗುತ್ತಿದ್ದರು. ಲೊನ್ನಿ ಕಾಫಿ ಮರೆತು ವಾಪಸು ಬಂದ.

ಜನ ಬಂದರು, ಬಗ್ಗಿ ನೋಡಿದರು, ಮುಂದೆ ಹೋದರು. "ಹಿಂದಿನ ಸಾಲಲ್ಲೂ ಇದೇ ಇತ್ತಲ್ಲಮ್ಮ" ಎಂದು ಮಗಳೊಬ್ಬಳು ತಾಯಿಗೆ ಹೇಳಿದಳು. ಮಧ್ಯಾಹ್ನವಾಗುವಷ್ಟರಲ್ಲಿ ಲೊನ್ನಿ ಒಂದನ್ನೂ ಮಾರಿರಲಿಲ್ಲ. ಹತ್ತೊಂಬತ್ತು ಮರಿಗಳೂ ಮತ್ತೆ ಗ್ಯಾರೇಜಿಗೆ, ಹತ್ತೊಂಬತ್ತು ಬಾಯಿಗೆ ವಾರವಾರವೂ ಇಲಿ, ಮುಂದಿನ ಮೇಳದಲ್ಲಿ ಇನ್ನೂ ಕಡಿಮೆ ಬೆಲೆ. ಯಾರಾದರೂ ಇಳಿಸಿಯೇ ಇಳಿಸುತ್ತಾರೆ, ಮೊದಲು ಇಳಿಸಿದವನಷ್ಟೇ ಬದುಕುತ್ತಾನೆ ಎನ್ನಿಸಿತು. ಚೀಟಿಗಳನ್ನು ಕಿತ್ತು ನಾನೂರು ಎಂದು ಬರೆದು ಅಂಟಿಸಿದ.

ಆ ಹೊತ್ತಿಗೆ ಮಿಸ್ ಓಪಲ್ ಅವರ ಮುಂದೆ ಒಬ್ಬ ಹೆಂಗಸು ಪರ್ಸು ತೆರೆದಿದ್ದಳು. ತಲೆ ಎತ್ತಿದವಳ ಕಣ್ಣು ಪಕ್ಕದ ಮೇಜಿಗೆ ಬಿತ್ತು. "ಒಂದ್ನಿಮಿಷ ಮ್ಯಾಮ್" ಎಂದು ಎರಡು ಹೆಜ್ಜೆ ಸರಿದು ಲೊನ್ನಿಯಿಂದ ಕೊಂಡಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಲೊನ್ನಿ ಬಗ್ಗಿ ಬಟ್ಟೆ ಸರಿಸಿ ಪೆಟ್ಟಿಗೆಯಿಂದ ಮರಿಗಳನ್ನು ತೆಗೆದು ತೆಗೆದು ಮೇಲಿಟ್ಟ. ಎದುರು ಸಾಲಿನವನು ಕೂಗಿದ: "ಏಯ್ ಪ್ರೂಯಿಟ್, ಇವತ್ತು ಭಾನುವಾರ ಏನಯ್ಯಾ? ಚರ್ಚಿಗೆ ಹೋಗ್ದೆ ನಾನು ಪಾಪ ಮಾಡ್ಬಿಟ್ನಲ್ಲ!" ಅವನೂ ಚೀಟಿ ಕೀಳತೊಡಗಿದ. ಸ್ವಲ್ಪ ಹೊತ್ತಿನಲ್ಲೇ ಮೇಳದ ತುಂಬ ಚೀಟಿ ಕೀಳುವ ಪರಪರ ಸದ್ದು ಎದ್ದಿತು.

ಮಿಸ್ ಓಪಲ್ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಏಳು ಅಂದಿದ್ದೆ ನೀನು."

ಲೊನ್ನಿಯ ಕಿವಿ ಸುಟ್ಟುಹೋದ ಹಾಗಾಯಿತು. ಮಿಸ್ ಓಪಲ್ ಕಾಗದದ ಚೀಲದಿಂದ ಬೇಯಿಸಿದ ಕಡಲೆಕಾಯಿ ತೆಗೆದು ಒಸಡಿನಲ್ಲೇ ನುರಿಯುತ್ತ ಕುಳಿತರು. ಒಂದು ಮಾತು ಬೈದಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತು.

ರಾತ್ರಿ ಡಾರ್ಲಾಳಿಗೆ ಹೇಳಿದಾಗ ಅವಳು, "ಹೋಗಿ ಕಾಲಿಗೆ ಬೀಳು" ಎಂದಳು. ಅಷ್ಟು ಧೈರ್ಯ ಅವನಿಗಿರಲಿಲ್ಲ. ಭಾನುವಾರ ಬೆಳಿಗ್ಗೆ ಮರಿ ಮಾರಿ ಬಂದ ದುಡ್ಡನ್ನು ಅವಳ ತಮ್ಮ ಟೆರೆಲ್‌ನ ಕೈಗಿತ್ತು, ಗಿರಾಕಿಯಂತೆ ಹೋಗಿ ನಾಲ್ಕನ್ನೂ ಎಂಟುನೂರಕ್ಕೇ ಕೊಂಡುಬಾ ಎಂದು ಕಳಿಸಿದ. ತಾನು ಶೌಚಾಲಯದ ಹತ್ತಿರ ನಿಂತುಕೊಂಡ.

ಟೆರೆಲ್ ಹೋದಷ್ಟೇ ಬೇಗ ಬಂದ. ದುಡ್ಡು ಕೈಯಲ್ಲೇ ಇತ್ತು.

"ನಾಲ್ಕೂ ಕೊಡಿ ಅಂದೆ ಭಾವ. 'ಮರಿ ತಿನ್ತಾ ಇದೆಯಾ ಅಂತ ಕೇಳದೆ ಹೆಬ್ಬಾವು ಕೊಳ್ಳೋ ಗಿರಾಕಿನ ಇವತ್ತೇ ನೋಡಿದ್ದು' ಅಂದ್ರು. ಆಮೇಲೆ ನಿನ್ನನ್ನ ಕರಿ ಅಂದ್ರು. ನಾನೇನೂ ಬಾಯಿ ಬಿಟ್ಟಿಲ್ಲ ಕಣಯ್ಯಾ, ದೇವರಾಣೆ."

ಲೊನ್ನಿ ಹೋಗಿ ಅವರ ಮೇಜಿನ ಮುಂದೆ ನಿಂತ. ಇಷ್ಟು ವರ್ಷ ಕೂತು ಹರಟೆ ಹೊಡೆದ ಜಾಗ. ಇಂದು ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ಮಿಸ್ ಓಪಲ್, ನಾನು..."

"ದುಡ್ಡು ಕೊಟ್ಟು ನನ್ನ ಬಾಯಿ ತುಂಬಿಸೋಕೆ ಬಂದ್ಯಾ? ಆ ಕೆಲ್ಸಕ್ಕೆ ಹಲ್ಲಿನ ಡಾಕ್ಟ್ರಿದಾರೆ." ಖಾಲಿ ಚೀಟಿಗಳ ಹಾಳೆಯನ್ನೂ ಪೆನ್ನನ್ನೂ ಅವನತ್ತ ತಳ್ಳಿದರು. "ಬರಿ. ನನ್ ಕೈ ನಡುಗತ್ತೆ."

"ಎಷ್ಟಂತ ಬರೀಲಿ?"

"ಈಗ ನಡೀತಿರೋ ಬೆಲೆ ಎಷ್ಟು? ನಂಗಿಂತ ನಿಂಗೇ ಚೆನ್ನಾಗಿ ಗೊತ್ತು."

ಬೆಳಿಗ್ಗೆಯಿಂದ ಬೆಲೆ ಇನ್ನೂ ಕುಸಿದಿತ್ತು, ಲೊನ್ನಿಯ ಚೀಟಿಗಳೂ ಅದರ ಜೊತೆ ಇಳಿದಿದ್ದವು. "ಇನ್ನೂರೈವತ್ತು, ಮ್ಯಾಮ್."

"ಹಾಗಾದ್ರೆ ಅದನ್ನೇ ಬರಿ."

ನಾಲ್ಕು ಚೀಟಿಗಳನ್ನೂ ಅವನೇ ಬರೆದ. ಬರೆದ ಒಂದೊಂದನ್ನೂ ಅವರು ಎತ್ತಿ ಡಬ್ಬಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಅಂಚುಗಳನ್ನು ನೀಟಾಗಿ ಸವರಿದರು. ಲೊನ್ನಿ ತನ್ನ ಮೇಜಿನಲ್ಲಿ ಉಳಿದಿದ್ದ ಮರಿಗಳನ್ನು ಪೆಟ್ಟಿಗೆಗೆ ಹಾಕಲು ಹೋದ.

"ಇಡು ಅಲ್ಲೇ" ಎಂದರು ಮಿಸ್ ಓಪಲ್. "ಬಚ್ಚಿಟ್ಟಿದ್ದು ಸಾಕು."

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಎರಡು ಮೇಜುಗಳನ್ನೂ ನೋಡಿದ. "ಇವೆರಡಕ್ಕೂ ಏನ್ ವ್ಯತ್ಯಾಸ? ಬೆಲೆ ಒಂದೇ ಇದೆಯಲ್ಲ?" ಎಂದು ಲೊನ್ನಿಯನ್ನು ಕೇಳಿದ.

"ವ್ಯತ್ಯಾಸ ಇಲ್ಲ ಸರ್. ಅವು ನನ್ನ ಗಂಡು ಹಾವಿನ ಮೊಮ್ಮಕ್ಕಳೇ" ಎಂದ ಲೊನ್ನಿ. ಆಮೇಲೆ ಪಕ್ಕದ ಮೇಜಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ನನ್ನ ಹತ್ರ ಹತ್ತೊಂಬತ್ತು ಹುಟ್ಟಿದ್ವು ಸರ್, ಇನ್ನೂ ಎಂಟು ಉಳಿದಿವೆ. ಅವ್ರ ಹತ್ರ ನಾಲ್ಕೇ ನಾಲ್ಕು. ಮೊದ್ಲು ಅವ್ರದ್ದನ್ನ ನೋಡಿ."

ಗಿರಾಕಿ ಆ ಕಡೆ ಸರಿದ. ಮಿಸ್ ಓಪಲ್ ಡಬ್ಬಿಯ ಮುಚ್ಚಳ ತೆಗೆದು ಮರಿಯನ್ನು ಅವನ ಅಂಗೈಗೆ ಬಿಟ್ಟರು. ಲೊನ್ನಿಯತ್ತ ತಿರುಗಿ ನೋಡಲಿಲ್ಲ.