ಅಡ ಕೂತ ಅತ್ತೆ

ಆಕೆಯನ್ನು ಬೀದಿಯವರೆಲ್ಲ ಕರೆಯುವುದು ಗೇಟಮ್ಮ ಅಂತಲೇ. ಅರ್ಧ ಆಯುಷ್ಯ ಗಿರಣಿಯೊಳಗೆ ನೂಲು ಸುತ್ತಿದಳು, ಇನ್ನರ್ಧ ಅದೇ ಗಿರಣಿಯ ಗೇಟಿನ ಮುಂದೆ ಧರಣಿ ಕೂತಳು ಅಂತ ಹೆತ್ತ ಮಗನೇ ಆಡಿಕೊಳ್ಳುತ್ತಿದ್ದ. ಭಾಷಣ ಬರುತ್ತಿರಲಿಲ್ಲ. ಘೋಷಣೆ ಕೂಗಿದರೆ ಗಂಟಲು ಕಟ್ಟುತ್ತಿತ್ತು. ಕೂರುವುದಕ್ಕೆ ಮಾತ್ರ ಬರುತ್ತಿತ್ತು. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರೆ ವ್ಯಾನಿನಲ್ಲಿ ಕೂರುತ್ತಿದ್ದಳು. ಕೊನೆಗೆ ಗಿರಣಿ ಮುಚ್ಚಿತು, ಸಂಘ ಒಡೆಯಿತು, ಮುಖಂಡರು ಮನೆ ಕಟ್ಟಿಸಿಕೊಂಡರು. ಇವಳಿಗೆ ಉಳಿದದ್ದು ಆ ಹೆಸರು ಮತ್ತು ಮಂಡಿನೋವು.

ಈಗ ಮನೆ ನಡೆಯುವುದು ಸೊಸೆಯಿಂದ. ಮಗ ಲಾರಿ ಹತ್ತಿದನೆಂದರೆ ಮನೆಯ ದಾರಿ ಮರೆಯುವವನು. ಸೊಸೆಗೆ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಬಸ್ಸುಗಳಿನ್ನೂ ಡಿಪೋದಲ್ಲಿ ಗೊರಕೆ ಹೊಡೆಯುವ ಹೊತ್ತಿಗೆ ಅವಳು ಒಳಗಿರಬೇಕು. ಆಗಲೇ ಎರಡು ಸಲ ತಡವಾಗಿತ್ತು. "ಇನ್ನೊಂದ್ಸಲ ಲೇಟಾದ್ರೆ ಮನೇಲೇ ಆರಾಮಾಗಿ ಇದ್ದುಬಿಡಮ್ಮ" ಅಂದಿದ್ದ ಸೂಪರ್‌ವೈಸರ್, ಬಹಳ ಮರ್ಯಾದೆಯಿಂದ. ಹಾಗಾಗಿ ಒಂದು ಹಳೇ ಬೈಕು ಬೇಕಾಯಿತು. ಚಂದ ಇರಬೇಕಿಲ್ಲ, ಬೆಳಗಿನ ಚಳಿಯಲ್ಲಿ ಒದ್ದ ತಕ್ಷಣ ಎದ್ದರೆ ಸಾಕು. ದಲ್ಲಾಳಿಯ ಕಮಿಷನ್ ಉಳಿಯಲಿ ಅಂತ ಅತ್ತೆ ಸೊಸೆ ಇಬ್ಬರೂ ಮಾರುವವನ ಮನೆಗೇ ಹೋದರು.

ಮಾರುವವನು ನಿವೃತ್ತ ಹೆಡ್ ಕ್ಲಾರ್ಕು. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಇವರು ಕಾಲಿಡುವಾಗಲೇ ಗಾಡಿ ಗುರುಗುಡುತ್ತ ನಿಂತಿತ್ತು.

"ಯಾಕೆ ಸಾರ್, ಆಗಲೇ ಚಾಲೂ ಮಾಡಿದ್ದೀರ?" ಸೊಸೆ ಕೇಳಿದಳು.

"ಸದ್ದು ಕೇಳಮ್ಮ, ವೀಣೆ ಥರ ಇದೆ. ಒಂದೇ ಕೈಲಿ ಓಡಿರೋ ಗಾಡಿ."

ಸೊಸೆ ದಡ್ಡಿಯಲ್ಲ. ತವರಿನಲ್ಲಿ ಅಣ್ಣನ ಬೈಕು ಓಡಿಸಿ ಪಳಗಿದವಳು. ಟೈರು ಒತ್ತಿ ನೋಡಿದಳು, ಚಾಸಿ ನಂಬರು ಕಾಗದದೊಂದಿಗೆ ತಾಳೆ ಹಾಕಿದಳು, ಎಲ್ಲ ಸರಿ. ಒಂದು ರೌಂಡು ಹೋಗಿ ಬರುತ್ತೇನೆ ಅಂದಾಗ ಹೆಡ್ ಕ್ಲಾರ್ಕು ಕತ್ತು ಕೆರೆದುಕೊಂಡ.

"ತಪ್ಪು ತಿಳ್ಕೋಬೇಡಿ. ವಾಪಸ್ ಬರ್ತೀರ ಅಂತ ಏನು ಗ್ಯಾರಂಟಿ?"

"ನಮ್ಮತ್ತೇನ ಇಲ್ಲೇ ಬಿಟ್ಟು ಹೋಗ್ತೀನಿ."

ಆತ ಗೇಟಮ್ಮನನ್ನು ಮೇಲಿಂದ ಕೆಳಗೆ ನೋಡಿದ. "ಅತ್ತೇನ ಬಿಟ್ಟು ಹೋದ್ರೆ ವಾಪಸ್ ಬರ್ತಾರಾ ಯಾರಾದ್ರೂ?"

"ನನ್ನ ಕೈಯಡಿಗೆ ಇಲ್ದೆ ಅವಳಿಗೆ ನಡೆಯಲ್ಲ, ಬರ್ತಾಳೆ" ಅಂದಳು ಗೇಟಮ್ಮ, ಜಗುಲಿಯ ಮೇಲೆ ಕೂರುತ್ತ.

ಸೊಸೆ ಹೋದಳು. ಹೆಡ್ ಕ್ಲಾರ್ಕು ಗಾಡಿಯ ಮೇಲೆ ಕಣ್ಣಿಡಲು ಬೀದಿ ತುದಿಯವರೆಗೆ ಹೋದ. ಅವನ ಹೆಂಡತಿ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತಳು.

"ಕರ್ಕೊಂಡು ಹೋಗಿಬಿಡಿ ಅಮ್ಮ, ಪುಣ್ಯ ಬರುತ್ತೆ. ಇನ್ನು ಮೇಲಾದ್ರೂ ಬೆಳಗಿನ ಜಾವ ನಿದ್ದೆ ಮಾಡ್ತೀನಿ."

"ಯಾಕೆ ತಾಯಿ?"

"ದಿನಾ ಹಾಲು ತರೋಕೆ ಅಂತ ಇವರು ಒದೆಯೋದು, ಅದು ಕೆಮ್ಮೋದು. ಬೀದಿಗೆಲ್ಲ ಅದೇ ಅಲಾರಂ." ಅಂದವಳೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ! ನಾನು ಹೇಳ್ದೆ ಅನ್ಬೇಡಿ. ನನ್ನ ಜೀವ ತಿಂದುಬಿಡ್ತಾರೆ."

ಗೇಟಮ್ಮ ಚಹಾ ಕುಡಿದಳು. ಠಾಣೆಯಲ್ಲಿ ಲಾಠಿ ತೋರಿಸಿದಾಗಲೂ ಜೊತೆಯವರ ಹೆಸರು ಹೇಳದ ಬಾಯಿ ಅದು. ಈ ಹೆಂಗಸಿನ ಮನೆಯಲ್ಲಿ ರಂಪ ಮಾಡಿಸಿ ತಾನು ಈ ಬೈಕಿನಿಂದ ಪಾರಾಗುವುದು ಅವಳಿಗೆ ಒಗ್ಗಲಿಲ್ಲ.

ಸೊಸೆ ಮುಖವೆಲ್ಲ ಹಲ್ಲಾಗಿ ಬಂದಳು. "ಅತ್ತೆ, ಬೆಣ್ಣೆ ಥರ ಓಡುತ್ತೆ! ಅಡ್ವಾನ್ಸ್ ಕೊಟ್ಟುಬಿಡೋಣ."

"ಕೊಡೋಣ. ಕಾಲು ಜೋಮು ಹಿಡಿದಿದೆ. ಒಂಚೂರು ಕೂತು ಹೋಗೋಣ."

ಕೂತರು. ಹೆಡ್ ಕ್ಲಾರ್ಕು ಮಗಳ ಮದುವೆಯ ಸುದ್ದಿ ಹೇಳಿದ, ಪೆನ್ಷನ್ ತಡವಾದ ಸುದ್ದಿ ಹೇಳಿದ. ಸುದ್ದಿ ಮುಗಿಯಿತು. ಸೊಸೆ ಸೆರಗಿನ ಮರೆಯಲ್ಲಿ ಅತ್ತೆಯನ್ನು ಚಿವುಟಿದಳು. ಅತ್ತೆ ಅಲ್ಲಾಡಲಿಲ್ಲ. ಆತ ಗಡಿಯಾರ ನೋಡಿದ, ಆಕಳಿಸಿದ, ಊಟದ ಹೊತ್ತಾಯಿತು ಅಂದ. "ನೀವು ಮಾಡಿ ಸಾರ್, ನಮ್ಮದೇನೂ ಅವಸರವಿಲ್ಲ" ಅಂದಳು ಗೇಟಮ್ಮ. ಗಿರಣಿ ಮಾಲೀಕನನ್ನೇ ಕಾಯಿಸಿದವಳಿಗೆ ಹೆಡ್ ಕ್ಲಾರ್ಕು ಯಾವ ಲೆಕ್ಕ? ಆತ ಒಳಗೆ ಹೋಗಿ ಉಂಡು, ಒಂದು ನಿದ್ದೆಯನ್ನೂ ತೆಗೆದು ಬಂದ. ಇವರು ಅಲ್ಲೇ ಇದ್ದರು.

ಬಿಸಿಲು ಇಳಿದ ಮೇಲೆ ಗೇಟಮ್ಮ ಎದ್ದು, ಮಗುವಿನ ಹಣೆ ಮುಟ್ಟುವಂತೆ ಇಂಜಿನ್ನು ಮುಟ್ಟಿದಳು. ತಣ್ಣಗಾಗಿತ್ತು.

"ಈಗ ಒದಿಯೇ."

ಸೊಸೆ ಒದ್ದಳು. ಗಾಡಿ ಕೆಮ್ಮಿತು. ಮತ್ತೆ ಒದ್ದಳು. "ಚೋಕ್ ಎಳೀಬೇಕಮ್ಮ" ಅಂದ ಆತ. ಎಳೆದಳು. "ಒಂಚೂರು ವಾಲಿಸಬೇಕು." ವಾಲಿಸಿದಳು. ಆಮೇಲೆ ಆತನೇ ಹತ್ತಿದ. ಇಸ್ತ್ರಿ ಅಂಗಿ ಪ್ಯಾಂಟಿನಿಂದ ಹೊರಬಂತು, ಪೆನ್ನು ಬಿತ್ತು. ಎದುರುಮನೆಯವನು ಕಿಟಕಿಯಿಂದ, "ಏನು ಸಾರ್, ಇವತ್ತು ಸಂಜೆ ಪಾಳಿನಾ?" ಅಂತ ಕೂಗಿದ. ಒಳಗೆ ಹೆಂಡತಿಯ ಪಾತ್ರೆಗಳ ಸದ್ದು ನಿಂತಿತು.

"ರೇಟು ಇಳಿಸ್ತೀನಿ" ಅಂದ ಆತ, ಏದುಸಿರು ಬಿಡುತ್ತ.

ಸೊಸೆ ಗಾಡಿಯನ್ನು ಒಂದು ಗಳಿಗೆ ಆಸೆಯಿಂದಲೇ ನೋಡಿದಳು. "ಪುಕ್ಕಟೆ ಕೊಟ್ರೂ ಅಷ್ಟೇ ಸಾರ್. ನಾನು ಒದೀತಾ ಇರೋ ಹೊತ್ತಿಗೆ ಅಲ್ಲಿ ಗೇಟು ಹಾಕಿರ್ತಾರೆ."

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಅಲ್ಲಿ ಸೊಸೆ ಕೇಳಿದಳು, "ನಿಮಗೆ ಮೊದಲೇ ಗೊತ್ತಿತ್ತಲ್ವಾ?"

"ನನಗೇನು ಗೊತ್ತು, ಗಾಡಿ ವಿಷ್ಯ?"

"ಹೋಗಲಿ. ನಾಳೆ ಬೆಳಗ್ಗೆ ಏನು ಮಾಡ್ಲಿ?"

"ಬೇಗ ಎದ್ದು ನಡಿ. ಕತ್ತಲಲ್ಲಿ ಒಬ್ಬಳೇ ಬೇಡ, ನಾನೂ ಬರ್ತೀನಿ."

"ನೀವು ಜೊತೆಗೆ ಬಂದ್ರೆ ಮಧ್ಯಾಹ್ನದ ಪಾಳಿಗೆ ಮುಟ್ತೀನಿ ಅತ್ತೆ."

"ಹಾಗಾದ್ರೆ ನೀನು ಮುಂದೆ ಹೋಗು" ಅಂದಳು ಗೇಟಮ್ಮ. "ಕೂಗಿದ್ರೆ ಕೇಳಿಸೋ ಅಷ್ಟು ದೂರ ಇದ್ರೆ ಸಾಕು."